ಅತ್ತೆ ಉಪವಾಸ ಬಿಡಲಿಲ್ಲ

ನನ್ನ ಮಾವ ತೆಳ್ಳಗಿದ್ದವರು. ಸಿಗರೇಟು ಮುಟ್ಟಿದವರಲ್ಲ, ದಿನವೂ ಮೈಲಿಗಟ್ಟಲೆ ನಡೆಯುತ್ತಿದ್ದವರು. ಆದರೂ ಐವತ್ತು ತುಂಬುವ ಮೊದಲೇ ಮಂಡ್ಯದಲ್ಲಿ ಎದೆನೋವು ಬಂದು ಹೋಗಿಬಿಟ್ಟರು. ಅತ್ತೆ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಮೌಂಟನ್ ವ್ಯೂಗೆ ನಮ್ಮ ಜೊತೆ ಇರಲು ಬಂದ ಮೇಲೆ ನನ್ನ ಬಾಯಲ್ಲಿ ಡಾಕ್ಟರಿಗೆ ಇದನ್ನು ಹೇಳಿಸಿ, ತಮ್ಮ ಮಗನಿಗೂ, ಎಂದರೆ ನನ್ನ ಗಂಡನಿಗೂ, ಹೀಗಾಗುತ್ತದೆಯೇ ಎಂದು ಕೇಳಿಸಿದರು. ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ನಾನು ಓದಿದ ಸಂಶೋಧನೆಗಳಲ್ಲಿ ನಿಮ್ಮ ಕಡೆಯವರು, ಅದರಲ್ಲೂ ವಯಸ್ಸಾದವರು ಇಲ್ಲವೇ ಇಲ್ಲ, ಖಚಿತವಾಗಿ ಹೇಗೆ ಹೇಳಲಿ ಎಂದರು. ಸ್ಯಾನ್ ಫ್ರಾನ್ಸಿಸ್ಕೋದ ಆಸ್ಪತ್ರೆಯೊಂದರಲ್ಲಿ ಹೃದಯದ ಅಧ್ಯಯನಕ್ಕೆ ಹಿರಿಯರನ್ನು ಸೇರಿಸಿಕೊಳ್ಳುತ್ತಿದ್ದಾರೆ ಎಂದೂ ತಿಳಿಸಿದರು. ಅತ್ತೆ ಸೇರಿಯೇ ತೀರುತ್ತೇನೆ ಎಂದರು; ನಾನು ಫೋನು ಮಾಡಿ ದಿನ ಗೊತ್ತುಮಾಡಿದೆ.

ರಕ್ತಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬರಬೇಕಿತ್ತು. ಅತ್ತೆಗೆ ಖಾಲಿ ಹೊಟ್ಟೆ ಎಂದರೆ ಉಪವಾಸ, ಉಪವಾಸ ಎಂದರೆ ವ್ರತ. ತಲೆಗೆ ನೀರು ಹಾಕಿಕೊಂಡು, ಒಗೆದ ಸೀರೆ ಉಟ್ಟು, ದೀಪ ಹಚ್ಚಿ, ಮಗನ ಹೆಸರಲ್ಲಿ ಹರಕೆ ಹೊತ್ತು ರೈಲು ಹತ್ತಿದರು. ನೀರು ಕುಡಿಯಬಹುದಂತೆ ಎಂದರೂ ಕೇಳಲಿಲ್ಲ.

ಅಲ್ಲಿದ್ದ ನರ್ಸು ನಗುನಗುತ್ತಲೇ ಆಗುವುದಿಲ್ಲ ಎಂದಳು. ಇಂಗ್ಲಿಷು ಬಾರದವರನ್ನು ಸೇರಿಸಿಕೊಳ್ಳುವಂತಿಲ್ಲ. ನಾನು ಹೇಳುತ್ತೇನಲ್ಲ ಎಂದರೆ, ಮನೆಯವರು ದುಭಾಷಿಯಾಗುವಂತಿಲ್ಲ. ನನಗೆ ಮೈಯೆಲ್ಲ ಉರಿಯಿತು. ನಾಯಿಯ ಊಟವನ್ನೂ ಇಂಟರ್ನೆಟ್ಟಿನಲ್ಲಿ ಮಾರಿ ಕೋಟಿ ಗಳಿಸುತ್ತೇವೆ ಎಂದು ಜನ ಕುಣಿಯುತ್ತಿದ್ದ ಕಾಲ ಅದು. ಯಾವ ಆಫೀಸಿಗೆ ಹೋದರೂ ಒಬ್ಬ ಕನ್ನಡದವನು ಸಿಗುತ್ತಿದ್ದ. ಇವರಿಗೆ ಮಾತ್ರ ಒಬ್ಬ ದುಭಾಷಿ ಸಿಗುವುದಿಲ್ಲವಂತೆ.

"ನನ್ ರಕ್ತಕ್ಕೂ ಇಂಗ್ಲಿಷು ಬರ್ಬೇಕಂತಾ? ಕೇಳು" ಎಂದರು ಅತ್ತೆ.

ಕೇಳಿದೆ. ಒಂದಕ್ಷರವನ್ನೂ ಮೆತ್ತಗೆ ಮಾಡಲಿಲ್ಲ.

ಆಮೇಲೆ ಅತ್ತೆ ಅಲ್ಲೇ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟರು. ರಕ್ತ ತೆಗೆದುಕೊಳ್ಳುವವರೆಗೆ ಬಾಯಿಗೆ ಏನೂ ಹಾಕುವುದಿಲ್ಲವೆಂದರು. ನರ್ಸು ಜ್ಯೂಸು ತಂದಳು, ಬಿಸ್ಕತ್ತು ತಂದಳು, ಮಧ್ಯಾಹ್ನವಾದಾಗ ಗಾಬರಿಯಾಗಿ ಅಧ್ಯಯನದ ಮುಖ್ಯಸ್ಥೆಯನ್ನೇ ಕರೆತಂದಳು. ಆಕೆ ಮಾವನ ಕಥೆಯನ್ನು ಪೂರ್ತಿ ಕೇಳಿಸಿಕೊಂಡರು. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಮಾಡಿಸುತ್ತೇನೆ, ಹೊರಗಿನ ದುಭಾಷಿಯನ್ನು ಹುಡುಕುತ್ತೇನೆ, ಸ್ವಲ್ಪ ಕಾಲ ಕೊಡಿ ಎಂದರು. ಹಾಗಾದರೆ ನೀವೇ ನೀರು ಕೊಡಿ ಎಂದು ಅತ್ತೆ ಹೇಳಿಸಿದರು. ವ್ರತ ಮುಗಿಸಲು ನೀರು ಕೊಟ್ಟವರು ಮಾತಿಗೆ ತಪ್ಪುವಂತಿಲ್ಲ ಎನ್ನುವುದು ಅವರ ಕಾನೂನು. ಪಾಪ, ಆಕೆಗೆ ಏನೂ ಅರ್ಥವಾಗದಿದ್ದರೂ ಕಾಗದದ ಲೋಟದಲ್ಲಿ ನೀರು ತಂದುಕೊಟ್ಟರು.

ತಿಂಗಳುಗಳೇ ಹಿಡಿದವು, ಆದರೆ ಕರೆ ಬಂತು. ಅತ್ತೆಗೆ ಮತ್ತೆ ಉಪವಾಸ, ಮತ್ತೆ ರೈಲು. ಅಲ್ಲೇ ಹತ್ತಿರದ ಡಬ್ಲಿನ್ ಎಂಬ ಊರಿನಿಂದ ಬಂದಿದ್ದ ಉಡುಪಿ ಕಡೆಯ ದುಭಾಷಿ ಹೆಂಗಸು ಕನ್ನಡದ ಪತ್ರವನ್ನು ನಿಧಾನವಾಗಿ ಓದಿ ಹೇಳಿದರು. ಬೇಡವೆನಿಸಿದರೆ ಯಾವಾಗ ಬೇಕಾದರೂ ಬಿಟ್ಟು ಹೋಗಬಹುದು, ಯಾರೂ ಕಾರಣ ಕೇಳುವುದಿಲ್ಲ ಎಂದು ಕೊನೆಯಲ್ಲಿತ್ತು.

ಅತ್ತೆ ಸೆರಗು ಸರಿಸಿ, ನರ್ಸಿನ ಮುಂದೆ ತೋಳು ಚಾಚಿ, ದುಭಾಷಿಯ ಕಡೆ ತಿರುಗಿದರು.

"ಬುಟ್ಟೋಗಕ್ಕೆ ಬಂದಿಲ್ಲ ಕಣವ್ವ. ಅದ್ನೂ ಬರ್ಕೊ ಅನ್ನು."