ಕಮಾನಿಗೆ ಉಸಿರು ಬೇಕಿಲ್ಲ

ದೊಡ್ಡ ಪಿಟೀಲಿನಂಥ ಚೆಲ್ಲೊ ವಾದ್ಯದ ಪೆಟ್ಟಿಗೆಗೆ ಹಳೆಯ ರಗ್ಗು ಸುತ್ತಿ, ರಿಮ್ಮಾ ಎಗೋರೊವ್ನಾ ಮೂರನೆಯ ಗಂಟು ಬಿಗಿಯುತ್ತಿದ್ದಾರೆ. ಹಗ್ಗದ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ ಎಳೆಯಬೇಕು. ಎಡಗೈಯ ಕಿರುಬೆರಳು ಈಗೀಗ ಬೆಳಗಿನ ಹೊತ್ತು ಮಾತು ಕೇಳುವುದಿಲ್ಲ. ಗಂಟೆ ಆರು. ಹೊರಗೆ ಸೊನ್ನೆಗಿಂತ ಇಪ್ಪತ್ತೆರಡು ಡಿಗ್ರಿ ಕೆಳಗಿನ ಚಳಿ. "ನಂಗೆ ನೆಗಡಿಯಾದ್ರೆ ಬಿಸಿ ಚಹಾ ಇದೆ. ಇದಕ್ಕಾದ್ರೆ ಏನು ಕುಡಿಸ್ಲಿ?" ಎನ್ನುತ್ತ ಪೆಟ್ಟಿಗೆಯನ್ನು ಬೆನ್ನಿಗೇರಿಸುತ್ತಾರೆ.

ಹೆಪ್ಪುಗಟ್ಟಿದ ವೋಲ್ಗಾ ನದಿ ದಾಟಿ, ಕೊಸ್ತ್ರೊಮಾ ಊರಿನ ಆಚೆ ದಡದ ಆಸ್ಪತ್ರೆಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಶ್ವಾಸಕೋಶದ ವಾರ್ಡು ಅದು. ಹೆಚ್ಚಿನವರು ನಾರುಬಟ್ಟೆ ಗಿರಣಿಯಲ್ಲಿ ದೂಳು ಕುಡಿದು ನಿವೃತ್ತರಾದ ನೇಕಾರ್ತಿಯರು. ತಲುಪಿದ ಮೇಲೂ ಒಂದು ಗಂಟೆ ಪೆಟ್ಟಿಗೆ ತೆರೆಯುವ ಹಾಗಿಲ್ಲ. ಚಳಿಯಲ್ಲಿ ಬಂದ ಮರ ಒಮ್ಮೆಲೇ ಬಿಸಿಗೆ ಮೈಯೊಡ್ಡಿದರೆ ಬಿರುಕು ಬಿಡುತ್ತದೆ. ಪೆಟ್ಟಿಗೆ ಗೋಡೆಗೆ ಒರಗಿ ಬೆಚ್ಚಗಾಗುತ್ತದೆ, ರಿಮ್ಮಾ ಊಟದ ಕೋಣೆಯಲ್ಲಿ ಗಂಜಿ ಉಣ್ಣುತ್ತಾರೆ.

"ಏನ್ರೀ ರಿಮ್ಮಾ ಎಗೋರೊವ್ನಾ, ಆಸ್ಪತ್ರೆಗೆ ಹೆಣದ ಪೆಟ್ಟಿಗೆಯಂಥದ್ದು ಹೊತ್ಕೊಂಡು ಬರ್ತೀರಲ್ಲ, ರೋಗಿಗಳು ಹೆದರ್ಕೋತಾರೆ!" ಎನ್ನುತ್ತಾಳೆ ಬಡಿಸುವ ಫೈನಾ.

"ಹೆದರಿದ್ರೆ ಗಂಜಿನಾದ್ರೂ ಉಣ್ತಾರೆ. ಇಲ್ದಿದ್ರೆ ನಿನ್ನ ಗಂಜಿ ಖರ್ಚಾಗೋದು ಹೆಂಗೆ?"

ಊರಿನ ಸಂಗೀತ ಸಂಸ್ಥೆಯಲ್ಲಿ ರಿಮ್ಮಾ ಅವರದು ಮೂವತ್ತೆಂಟು ವರ್ಷಗಳ ಕೆಲಸ. ತಿಂಗಳಿಗೆ ಒಂಬತ್ತು ಹತ್ತು ಕಛೇರಿ. ಆಸ್ಪತ್ರೆ, ಗ್ರಂಥಾಲಯ, ಹಳ್ಳಿಯ ಸಭಾಗೃಹ. ನುಡಿಸುವುದು ರೊಮಾನ್ಸ್‌ಗಳನ್ನು, ಒಂದು ಪಿಯಾನೊ ಮತ್ತು ಒಂದು ಕಂಠಕ್ಕೆಂದು ಹಿಂದಿನವರು ಬರೆದಿಟ್ಟ ಅಗಲಿಕೆಯ ಹಾಡುಗಳನ್ನು. ಕಂಠದ ಪಾಲನ್ನು ಹನ್ನೊಂದು ವರ್ಷಗಳಿಂದ ಈ ಚೆಲ್ಲೊ ಹಾಡುತ್ತಿದೆ. ಸ್ವರಗಳ ಕೆಳಗೆ ರಿಮ್ಮಾ ಪೆನ್ಸಿಲಿನಲ್ಲಿ ಸಾಹಿತ್ಯ ಬರೆದುಕೊಂಡಿದ್ದಾರೆ. ನುಡಿಸುವಾಗ ತುಟಿ ಅಲ್ಲಾಡುತ್ತದೆ, ಸದ್ದು ಬರುವುದಿಲ್ಲ.

ಆ ಪಾಲು ಮೊದಲು ಗಾಯಕಿ ಅಗ್ನಿಯಾ ಲ್ವೋವ್ನಾ ಅವರದಾಗಿತ್ತು. ಇಪ್ಪತ್ನಾಲ್ಕು ವರ್ಷ ಇಬ್ಬರೂ ಒಂದೇ ಬಸ್ಸು, ಒಂದೇ ಹೋಟೆಲ್ ಕೋಣೆ. ಅಗ್ನಿಯಾ ಹಾಡುತ್ತಿದ್ದರು, ರಿಮ್ಮಾ ಪಕ್ಕದಲ್ಲಿ ಕುಳಿತು ಚೆಲ್ಲೊ ಕೂಡಿಸುತ್ತಿದ್ದರು. ಆಮೇಲೆ ಅಗ್ನಿಯಾರ ಕುತ್ತಿಗೆಗೆ ಶಸ್ತ್ರಚಿಕಿತ್ಸೆಯಾಯಿತು. ಗಡ್ಡೆ ಹೋಯಿತು, ಧ್ವನಿಯೂ ಹೋಯಿತು.

"ನಿನ್ನ ಹಾಡು ನಾನು ನುಡಿಸ್ತೀನಿ ಬಿಡೇ, ಅಂದೆ. ಸಮಾಧಾನಕ್ಕೆ ಅಂದಿದ್ದು. ಅಂದ್ಮೇಲೆ ಮಾಡ್ಬೇಕಲ್ಲ," ಎನ್ನುತ್ತಾರೆ ರಿಮ್ಮಾ.

ಕೊನೆಯ ಹಾಡು ಮುಗಿಯುವುದು 'ಪ್ರೊಸ್ತಿ' ಎಂಬ ಮಾತಿನಿಂದ. ಇಂದಿನ ಮಾತಿನಲ್ಲಿ ಅದಕ್ಕೆ ಕ್ಷಮಿಸು ಎಂದಷ್ಟೇ ಅರ್ಥ. ಹಳೆಯ ಹಾಡುಗಳಲ್ಲಿ ಅಗಲುವಾಗಿನ ವಿದಾಯವೂ ಅದೇ. ಎರಡರಲ್ಲಿ ಯಾವುದು ಎಂದು ನಿಶ್ಚಯಿಸಲಾಗದವರಂತೆ ಅಗ್ನಿಯಾ ಆ ಮಾತಿಗೆ ಮುಂಚೆ ಒಂದು ದೀರ್ಘ ಉಸಿರು ಎಳೆದುಕೊಳ್ಳುತ್ತಿದ್ದರು. ಸಭೆ ಅಳುತ್ತಿದ್ದುದು ಅಲ್ಲೇ. ರಿಮ್ಮಾ ಮೊದಲ ಬಾರಿ ಒಬ್ಬರೇ ನುಡಿಸಿದ ದಿನ ಅಗ್ನಿಯಾ ಮೂರನೆಯ ಸಾಲಿನಲ್ಲಿದ್ದರು. ಕಮಾನು ಸರಾಗವಾಗಿ ಸಾಗಿತು, ಎಲ್ಲೂ ನಿಲ್ಲದೆ. ಕೋಟು ಇಡುವ ಕೋಣೆಯಲ್ಲಿ ಅಗ್ನಿಯಾ ಪಿಸುಗುಟ್ಟಿದ್ದು ಇಷ್ಟೇ: "ರಿಮ್ಕಾ, ನನ್ನ ಉಸಿರಿಗೂ ಜಾಗ ಬಿಡ್ಲಿಲ್ಲವಲ್ಲೇ."

ಮುಂದಿನ ಕಛೇರಿಯಿಂದ ರಿಮ್ಮಾ ಅಲ್ಲಿ ಒಂದು ಉಸಿರಿನಷ್ಟು ಹೊತ್ತು ತಂತಿಯಿಂದ ಕಮಾನು ಎತ್ತುತ್ತಾರೆ. ಆದರೆ ಅಗ್ನಿಯಾ ಮತ್ತೆ ಯಾವ ಕಛೇರಿಗೂ ಬರಲಿಲ್ಲ. ಕಳೆದ ಅಕ್ಟೋಬರಿನಲ್ಲಿ ತೀರಿಕೊಂಡರು. "ಈಗ ಎತ್ತುತ್ತೀನಿ ಅಂತ ಅವಳಿಗೆ ಹೇಳಿದ್ದೆ. 'ಹೌದಾ' ಅಂದ್ಲು. ಬಂದು ಒಂದು ಸಲನೂ ಕೇಳ್ಲಿಲ್ಲ."

ಈಗ, ಅರವತ್ತೊಂದರ ವಯಸ್ಸಿನಲ್ಲಿ, ರಿಮ್ಮಾರ ಹೆಸರು ಮೊದಲ ಸಲ ಪೋಸ್ಟರಿನ ನೆತ್ತಿಗೇರಲಿದೆ. ಮಾರ್ಚ್ ಹನ್ನೆರಡಕ್ಕೆ ದೊಡ್ಡ ಸಭಾಂಗಣದಲ್ಲಿ ಅವರೊಬ್ಬರದೇ ಸಂಜೆ, ಜೊತೆಗೆ ಪಿಯಾನೊ ನುಡಿಸಲು ಸಂಸ್ಥೆಯವನೊಬ್ಬ, ರೇಡಿಯೊದಲ್ಲಿ ನೇರ ಪ್ರಸಾರ. ಸಂಸ್ಥೆಯ ಹೊಸ ನಿರ್ದೇಶಕ ವದೀಮ್ ರುಸ್ಲಾನೊವಿಚ್ ಕೇಳುವುದು ಒಂದೇ. "ಕೊನೇ ಹಾಡಿನ ಆ ತೂತು ಮುಚ್ಚಿ. ಮುಗೀತು ಅಂತ ಜನ ಚಪ್ಪಾಳೆ ಹೊಡೀತಾರೆ. ಕಮಾನಿಗೆ ಉಸಿರು ಬೇಕಾ? ಇಲ್ಲ, ಅದು ಬೇಕೇ ಬೇಕು ಅಂದ್ರೆ ಆ ಸಂಜೆ ಬೇರೆಯವರಿಗೆ ಕೊಡ್ತೀನಿ."

ಒಂಬತ್ತು ಗಂಟೆಗೆ ವಾರ್ಡಿನ ಮೊಗಸಾಲೆಯಲ್ಲಿ ಇಪ್ಪತ್ತಾರು ಮಂದಿ, ಕೆಲವರ ಮೂಗಿನಲ್ಲಿ ನಳಿಕೆ. ಹಾಡುಗಳು ಒಂದೊಂದಾಗಿ ಸಾಗುತ್ತವೆ. ಕೊನೆಯದರಲ್ಲಿ ಕಮಾನು ಗಾಳಿಗೇಳುತ್ತದೆ. ಮುದುಕನೊಬ್ಬ ಪಟಪಟನೆ ಚಪ್ಪಾಳೆ ತಟ್ಟಿಬಿಡುತ್ತಾನೆ.

"ಅಯ್ಯೋ, ಮುಗಿದಿಲ್ಲ ಕಣೋ ಅಜ್ಜ! ಅವರು ಉಸಿರು ತಗೋತಿದಾರೆ," ಪಕ್ಕದ ನೇಕಾರ್ತಿ ಗದರುತ್ತಾಳೆ.

ಕಮಾನು ಇಳಿಯುತ್ತದೆ. ಹಾಡು ಮುಗಿಯುತ್ತದೆ.

ಚೆಲ್ಲೊ ಒರೆಸುತ್ತಿರುವಾಗ ವದೀಮ್ ಅವರ ಫೋನು. "ಪೋಸ್ಟರ್ ಅಚ್ಚಿಗೆ ಹೋಗ್ತಿದೆ, ರಿಮ್ಮಾ ಎಗೋರೊವ್ನಾ. ನಾನು ಹೇಳಿದ್ದು ಒಪ್ಪಿಗೆ ತಾನೆ?"

"ಅಚ್ಚು ಹಾಕ್ಸಿ," ಎನ್ನುತ್ತಾರೆ ರಿಮ್ಮಾ.

"ಏನಂತೆ ಸಾಹೇಬ್ರು?" ಫೈನಾ ಕೇಳುತ್ತಾಳೆ.

"ಹೆಸರಿನ ಅಕ್ಷರ ಸರಿಯಾಗಿದ್ಯಾ ಅಂತ."

ರಿಮ್ಮಾ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾರೆ: ತಾಲೀಮಿನಲ್ಲೆಲ್ಲ ವದೀಮ್ ಹೇಳಿದಂತೆಯೇ ನುಡಿಸಬೇಕು, ಒಂದೂ ಬಿರುಕಿಲ್ಲದೆ. ಪಿಯಾನೊದವನಿಗೂ ಹೇಳಬೇಕಿಲ್ಲ; ಕಮಾನು ಎದ್ದರೆ ಅವನು ಕಾಯಲೇಬೇಕು. ಹನ್ನೆರಡರ ಸಂಜೆ ಮಾತ್ರ ಎತ್ತಬೇಕು, ಅಗ್ನಿಯಾ ಉಸಿರು ಎಳೆದುಕೊಳ್ಳುತ್ತಿದ್ದಷ್ಟೇ ಹೊತ್ತು. ಜನ ತಪ್ಪು ತಿಳಿದು ಚಪ್ಪಾಳೆ ತಟ್ಟಿದರೆ ತಟ್ಟಲಿ. ಆ ಚಪ್ಪಾಳೆ ಅಗ್ನಿಯಾಳದು.