ಅಣ್ಣನಿಗೆ ಕೊಡದ ಮಣ್ಣು

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಮನೆಯವರು ಹೇಳುತ್ತಾರೆ. ಹೇಳಲಿ. ಬೇರೆ ಸಿಟ್ಟುಗಳೆಲ್ಲ ಊಟದ ಹೊತ್ತಿಗೆ ಇಳಿಯುತ್ತವೆ. ಅಣ್ಣನ ವಿಷಯದ ಸಿಟ್ಟು ಮಾತ್ರ ಇಷ್ಟು ವರ್ಷವಾದರೂ ಇಳಿದಿಲ್ಲ, ಇಳಿಸಿಕೊಳ್ಳುವ ಮನಸ್ಸೂ ನನಗಿಲ್ಲ.

ಅಣ್ಣ ಎಪ್ಪತ್ತೊಂದರ ಯುದ್ಧದಲ್ಲಿ ತೀರಿಕೊಂಡ. ಮೀಸೆ ಆಗಷ್ಟೇ ಕಪ್ಪಾಗಿತ್ತು. ಖಾಸಬಾಗದ ನಮ್ಮ ಓಣಿಯಲ್ಲಿ ಕೈಬಿಟ್ಟು ಸೈಕಲ್ ಹೊಡೆಯುತ್ತಿದ್ದ, ರೊಟ್ಟಿ ಬಡಿಯುತ್ತಿದ್ದ ಅವ್ವನ ಬೆನ್ನ ಹಿಂದಿನಿಂದ ಬಿಸಿ ರೊಟ್ಟಿ ಎಗರಿಸುತ್ತಿದ್ದ, ನನ್ನ ಜಡೆ ಎಳೆದು ‘ಮೆಣಸಿನಕಾಯಿ’ ಎನ್ನುತ್ತಿದ್ದ. ಭಾಷಣದವರು ಹೇಳುವ ಹಾಗೆ ಹುಟ್ಟುತ್ತಲೇ ಎದೆಯೊಡ್ಡಿ ನಿಂತವನಲ್ಲ. ಹಲ್ಲಿ ಕಂಡರೆ ಹೊರಗೆ ಓಡುತ್ತಿದ್ದ.

ಸುದ್ದಿ ಬಂದ ಕೆಲವು ವಾರಗಳ ಮೇಲೆ ಒಬ್ಬ ಹವಾಲ್ದಾರ ಮನೆಗೆ ಬಂದ. ಕೈಯಲ್ಲಿ ಕೆಂಪು ಬಟ್ಟೆ ಕಟ್ಟಿದ ತಾಮ್ರದ ಚರಿಗೆ. ಗಡಿಯಿಂದ ಹೆಣ ತರುವ ಹಾಗಿರಲಿಲ್ಲವಂತೆ, ಅಲ್ಲೇ ಎಲ್ಲರ ಜೊತೆ ಸುಟ್ಟಿದ್ದರು. ಆತ ಚರಿಗೆಯನ್ನು ಅವ್ವನ ಕೈಗೆ ಕೊಟ್ಟು ಸೆಲ್ಯೂಟ್ ಹೊಡೆದ. ಅವ್ವ ಕೇಳಿದ್ದು ಇಷ್ಟೇ:

“ನಮ್ಮಲ್ಲೆ ಸುಡೂದಿಲ್ಲರಿ. ಅವರಿಗೆ ಯಾರೂ ಹೇಳಲಿಲ್ಲೇನು?”

ನಮ್ಮಲ್ಲಿ ಹೂಳುತ್ತಾರೆ. ಸತ್ತವರನ್ನು ಕೂರಿಸಿ, ಅವರ ಕೊರಳ ಲಿಂಗವನ್ನು ಅಂಗೈಯಲ್ಲಿಟ್ಟು, ವಿಭೂತಿ, ಬಿಲ್ವಪತ್ರೆ ಹಾಕಿ ಮಣ್ಣು ಮಾಡುತ್ತಾರೆ. ಆಮೇಲೆ ಬೇಕೆಂದಾಗ ಹೋಗಿ ಕೂರಲು ಒಂದು ಜಾಗವಿರುತ್ತದೆ. ಅವ್ವನಿಗೆ ಬೇಕಾಗಿದ್ದದ್ದು ಅದೊಂದೇ. ಅಜ್ಜ, ಅಜ್ಜಿಯನ್ನು ಮಣ್ಣು ಮಾಡಿದ ರುದ್ರಭೂಮಿಯಲ್ಲೇ ಮಗನಿಗೂ ಒಂದು ಮೂಲೆ.

ಅದಕ್ಕೆ ಸಮಾಜದ ಹಿರಿಯರು ಒಪ್ಪಬೇಕಿತ್ತು. ಅವರಲ್ಲಿ ಮುಖ್ಯರಾದವರು ರವಿವಾರ ಪೇಟೆಯಲ್ಲಿ ಬೆಲ್ಲದ ಅಂಗಡಿ ಇಟ್ಟಿದ್ದ ಸಾವಕಾರರು. ಅಪ್ಪ ಅವರ ಅಂಗಡಿಯಲ್ಲೇ ಗುಮಾಸ್ತ. ಹಿರಿಯರೆಲ್ಲ ನಮ್ಮ ಪಡಸಾಲೆಗೆ ಬಂದು ಚಹಾ ಕುಡಿದು ಕುಳಿತರು. ಸಾವಕಾರರು ಗಂಟಲು ಸರಿಮಾಡಿಕೊಂಡರು.

“ಸುಟ್ಟದ್ದನ್ನ ಹೂಳೂದು ನಮ್ಮ ಪದ್ಧತ್ಯಾಗ ಇಲ್ಲ. ಹೊಳಿಗೆ ಬಿಡ್ರಿ.”

“ಹೊಳಿಗೆ ಬಿಡೂದೂ ನಮ್ಮ ಪದ್ಧತ್ಯಾಗ ಇಲ್ಲಲ್ರಿ ಸಾವ್ಕಾರ್ರ,” ಎಂದಳು ಅವ್ವ. “ನೀರಾಗ ಬಿಟ್ರ ನಾ ಎಲ್ಲೆ ಹೋಗಿ ಕುಂದರ್ಲಿ?”

“ಅವನ ಕೊರಳಾಗಿನ ಲಿಂಗನೂ ಬಂದಿಲ್ಲ. ಲಿಂಗ ಇಲ್ಲದ ಬೂದಿ ಯಾರದಂತ ನಂಬೂದವಾ?”

ಯಾರದು ಎಂದು ಕೇಳಿದರು. ದೇಶ ಕಾಯಲು ಹೋದವನ ತಾಯಿಯ ಮುಂದೆ ಕುಳಿತು, ಅವಳದೇ ಮನೆಯ ಚಹಾ ಕುಡಿದು ಕೇಳಿದರು. ಅವರ ತಲೆಯ ಮೇಲೆ ಗೋಡೆಯಲ್ಲಿ ಬಸವಣ್ಣನವರ ಫೋಟೋ ಇತ್ತು. ಸೂತಕವೇ ಇಲ್ಲ ಎಂದವರ ಕೆಳಗೆ ಕುಳಿತು ಇವರು ಬೂದಿಯ ಕುಲ ವಿಚಾರಿಸಿದರು. ದಿನಾ ಬೆಳಿಗ್ಗೆ ಹಣೆತುಂಬ ವಿಭೂತಿ ಬಳಿದುಕೊಳ್ಳುವವರಿಗೆ ನಮ್ಮಣ್ಣನ ಬೂದಿ ಮಾತ್ರ ಮೈಲಿಗೆಯಾಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎನ್ನುವುದು ಇಂಥವರನ್ನು ನೋಡಿಯೇ ಹುಟ್ಟಿದ ಮಾತಿರಬೇಕು. ನಾನು ಬಾಯಿ ತೆರೆದೆ. ಅಪ್ಪ ಕಣ್ಣಲ್ಲೇ ಸುಮ್ಮನಿರಿಸಿದರು.

ಅವರು ಹೋದ ಮೇಲೆ ಅಪ್ಪ ನೆಲ ನೋಡುತ್ತ ಹೇಳಿದರು: “ಹಿರ್ಯಾರ ಮಾತ ಮೀರಾಕ ಬರೂದಿಲ್ಲ. ನಾಳಿ ಅವರ ಅಂಗಡಿಗೇ ಹೋಗ್ಬೇಕು ನಾ.”

ಅವ್ವ ಮರುದಿನ ಚರಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನನ್ನನ್ನು ಕರೆದುಕೊಂಡು ಖಾನಾಪುರದ ಗಾಡಿ ಹತ್ತಿದಳು. ಅದು ಅವಳ ತವರು. ಎದುರಿಗೆ ಕುಳಿತ ಹೆಂಗಸು ಚರಿಗೆ ನೋಡಿ ವಿಚಾರಿಸಿದಳು.

“ತುಪ್ಪ ಏನ್ರಿ ಅಕ್ಕಾರ?”

“ಅಲ್ಲರಿ. ಮಗ.”

ಆಕೆ ತನ್ನ ಗಂಟುಮೂಟೆ ಸರಿಸಿ ಅವ್ವನಿಗೆ ಕಾಲು ಚಾಚಲು ಜಾಗ ಮಾಡಿಕೊಟ್ಟಳು. ಗುರುತು ಪರಿಚಯವಿಲ್ಲದವಳು. ಊರಿನ ದೊಡ್ಡವರೆಲ್ಲ ಸೇರಿ ಅಷ್ಟೂ ಮಾಡಿರಲಿಲ್ಲ.

ಖಾನಾಪುರದಲ್ಲಿ ಸೋದರಮಾವನಿಗೆ ಭತ್ತದ ಗದ್ದೆಯಿತ್ತು. ಗದ್ದೆಯ ಅಂಚಿನಲ್ಲಿ ಮಾವ ತಾನೇ ಕುಣಿ ತೋಡಿದ. ಬಾಜು ಹೊಲದ ಮರಾಠಿ ಮುದುಕ ಯಾರೂ ಕರೆಯದೆ ಗುದ್ದಲಿ ಹಿಡಿದು ಬಂದು ಕೈಜೋಡಿಸಿದ. ಚರಿಗೆಗೆ ಎಷ್ಟು ಬೇಕೋ ಅಷ್ಟೇ ತೋಡಲು ಹೊರಟಾಗ ಅವ್ವ ತಡೆದಳು.

“ತಮ್ಮಾ, ಅವ ಕುಂದರಬೇಕು. ಕುಂದರೂವಷ್ಟು ತೋಡು.”

ಆಳೆತ್ತರದ ಹುಡುಗನಿಗೆ ಬೇಕಾಗುವಷ್ಟು ತೋಡಿದರು. ಚರಿಗೆ ಇಳಿಸುವ ಮೊದಲು ಅವ್ವ ತನ್ನ ಕೊರಳಿಗೆ ಕೈಹಾಕಿ, ಮದುವೆಗೂ ಮೊದಲಿನಿಂದ ಅವಳ ಎದೆಯ ಮೇಲಿದ್ದ ಲಿಂಗವನ್ನು ಬಿಚ್ಚಿದಳು. ಮಾವ ಗಾಬರಿಯಾದ. ಲಿಂಗ ಕಳಚುವುದೆಂದರೆ ನಮ್ಮಲ್ಲಿ ಪ್ರಾಣ ಬಿಟ್ಟ ಹಾಗೆ.

“ಅಕ್ಕಾ, ಏನ್ ಮಾಡಾಕತ್ತಿ?”

“ಲಿಂಗ ಇಲ್ಲಂದ್ರಲ್ಲ. ಈಗ ಐತಿ.”

ಅದನ್ನು ಬೂದಿಯ ಮೇಲಿಟ್ಟು, ವಿಭೂತಿ ಸುರಿದು, ಮೊದಲ ಹಿಡಿ ಮಣ್ಣು ಅವಳೇ ಹಾಕಿದಳು. ಅಲ್ಲಿಯವರೆಗೆ ಅಳದಿದ್ದವಳು ಆಮೇಲೆ ಎದೆ ಬಡಿದುಕೊಂಡು ಅತ್ತಳು. ನನಗೂ ದುಃಖ ಬಂತು, ಆದರೆ ನಿಜ ಹೇಳಬೇಕೆಂದರೆ ದುಃಖಕ್ಕಿಂತ ಸಿಟ್ಟೇ ಹೆಚ್ಚು ಬಂದಿತ್ತು.

ಎಂಬತ್ತರ ದಶಕದಲ್ಲಿ ಖಾಸಬಾಗದ ಹಿರಿಯರಿಗೆ ಇದ್ದಕ್ಕಿದ್ದಂತೆ ಅಣ್ಣನ ನೆನಪು ಬಂತು. ಬೇರೆ ಪೇಟೆಯವರು ತಮ್ಮ ಚೌಕಿನಲ್ಲಿ ಯಾರದೋ ಪುತ್ಥಳಿ ನಿಲ್ಲಿಸಿದ್ದರು, ಇವರಿಗೂ ಒಬ್ಬ ವೀರ ಬೇಕಾಗಿದ್ದ. ಅದೇ ಸಾವಕಾರರು ಶಾಲು, ತೆಂಗಿನಕಾಯಿ ಹಿಡಿದು ಅದೇ ಪಡಸಾಲೆಗೆ ಬಂದರು. ಸ್ಮಾರಕದ ಬುನಾದಿಗೆ ಹಾಕಲು ಖಾನಾಪುರದ ಅಣ್ಣನ ಸಮಾಧಿಯಿಂದ ಒಂದು ಹಿಡಿ ಮಣ್ಣು ಬೇಕಂತೆ.

“ಒಯ್ರಿ,” ಎಂದಳು ಅವ್ವ. “ಆದ್ರ ಆ ಮಣ್ಣು ಅಲ್ಯಾಕ ಐತಿ ಅಂತ ಮೈಕಿನಾಗ ನೀವ ಹೇಳಬೇಕು.”

“ಹಳೇದೆಲ್ಲ ಈಗ್ಯಾಕ ತಂಗಿ?”

“ಹಂಗಾದ್ರ ಮಣ್ಣಿಲ್ಲ.”

ಶಾಲು ಬಿಟ್ಟು ಅವರು ಎದ್ದು ಹೋದರು. ಆದರೂ ಸ್ಮಾರಕದ ಕೆಲಸವೇನೂ ನಿಲ್ಲಲಿಲ್ಲ, ಆ ಮಣ್ಣಿಲ್ಲದೆಯೇ ಕಟ್ಟಿದರು. ಉದ್ಘಾಟನೆಗೆ ಅವ್ವ ಬರಲೊಲ್ಲೆ ಎಂದಳು. ಅಪ್ಪ ಹೋದರು, ಆಗಲೂ ಅದೇ ಅಂಗಡಿಯಲ್ಲಿದ್ದರಲ್ಲ. ನಾನು ಜನರ ನಡುವೆ ನಿಂತಿದ್ದೆ. ಅಪ್ಪನನ್ನು ವೇದಿಕೆಯ ಮೇಲೆ ಕೂರಿಸಿ ಕೊರಳಿಗೆ ಚೆಂಡು ಹೂವಿನ ಹಾರ ಹಾಕಿದರು. ಸಾವಕಾರರು ಮೈಕಿನ ಮುಂದೆ ನಿಂತು ಕೈಯೆತ್ತಿ ಹೇಳಿದರು: “ಈ ವೀರನನ್ನು ನಮ್ಮ ಖಾಸಬಾಗದ ಮಣ್ಣು ತನ್ನ ಮಡಿಲಲ್ಲಿ ಇಟ್ಟುಕೊಂಡಿದೆ.”

ಚಪ್ಪಾಳೆ ಬಿತ್ತು. ನಾನು ಜನರನ್ನು ತಳ್ಳಿಕೊಂಡು ಮುಂದೆ ಹೊರಟೆ. ಅಷ್ಟರಲ್ಲಿ ಅಪ್ಪ ಕುರ್ಚಿಯಿಂದ ಎದ್ದರು. ಹಾರ ತೆಗೆದು ಕುರ್ಚಿಯ ಮೇಲಿಟ್ಟು, ಧಣಿಯ ಪಕ್ಕ ಹೋಗಿ ಮೈಕಿಗೆ ಬಾಯಿ ಹಚ್ಚಿದರು.

“ಇಲ್ಲರಿ. ನನ್ನ ಮಗ ಇಲ್ಲಿಲ್ಲ. ನೀವು ಜಾಗಾ ಕೊಡಲಿಲ್ಲ, ನಾ ಕೇಳಲಿಲ್ಲ. ಅವರವ್ವ ಖಾನಾಪುರಕ್ಕ ಒಯ್ದು ಮಣ್ಣು ಮಾಡ್ಯಾಳ.”