ಬೀಗದ ಮೇಡಂ

ಕನ್ನಡಕದ ಅಂಗಡಿಯ ಮಹಡಿಯಲ್ಲಿ ಎರಡು ಕೋಣೆಯ ಕ್ಲಿನಿಕ್ ಇಟ್ಟುಕೊಂಡಿದ್ದ ಮನಶ್ಶಾಸ್ತ್ರಜ್ಞೆಗೆ ಊರವರು ಇಟ್ಟ ಹೆಸರು ಬೀಗದ ಮೇಡಂ. ಗೌರವದಿಂದ ಇಟ್ಟ ಹೆಸರೇನಲ್ಲ. ಮನಸ್ಸು ಹಗುರ ಮಾಡಿಕೊಳ್ಳಲು ಹೋದವರನ್ನು ಕೂರಿಸಿಕೊಂಡು, ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೇಳುವ ಹೆಂಗಸಿಗೆ ಇನ್ನೇನು ಹೆಸರಿಡುತ್ತಾರೆ? ಆ ಮೆಟ್ಟಿಲು ಹತ್ತುವವರೂ ಮಹಾ ಜಾಣರು. ಮೊದಲು ಅಂಗಡಿಯ ಗಾಜಿನ ಮುಂದೆ ನಿಂತು ನಾಲ್ಕು ಫ್ರೇಮು ನೋಡಿದಂತೆ ಮಾಡಿ, ರಸ್ತೆಯಲ್ಲಿ ಗುರುತಿನವರಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಸರಕ್ಕನೆ ಮೇಲೆ ನುಗ್ಗುತ್ತಿದ್ದರು. ಅಂಗಡಿಯವನಿಗೆ ಇದೆಲ್ಲ ರೂಢಿಯಾಗಿತ್ತು. ಒಂದೇ ಫ್ರೇಮನ್ನು ಎರಡು ನಿಮಿಷಕ್ಕಿಂತ ಹೆಚ್ಚು ನೋಡುವವರನ್ನು "ಮೇಲೆ ಯಾರೂ ಇಲ್ಲ, ಈಗ ಹೋಗಿ" ಎಂದು ತಾನೇ ಕಳಿಸಿಬಿಡುತ್ತಿದ್ದ.

ಮೊದಲ ಹನ್ನೆರಡು ವರ್ಷ ಮೇಡಂ ಕೂಡ ಬೀಗದ ಸುದ್ದಿಗೆ ಹೋದವರಲ್ಲ. ಅವರು ಕಲಿತದ್ದು ಪ್ರೊಫೆಸರರ ಕೈಕೆಳಗೆ. ಪ್ರೊಫೆಸರ್ ಎಂದರೆ ಆ ಊರಿನ ಅರ್ಧ ಜನ ಮನಶ್ಶಾಸ್ತ್ರಜ್ಞರಿಗೆ ಪಾಠ ಹೇಳಿದವರು, ಇನ್ನರ್ಧ ಜನಕ್ಕೆ ಛೀಮಾರಿ ಹಾಕಿದವರು. ಅವರ ಪ್ರಕಾರ ಮನುಷ್ಯನ ಸಕಲ ಸಂಕಟವೂ ಏಳನೆಯ ವಯಸ್ಸಿನೊಳಗೇ ಹೂತುಕೊಂಡಿರುತ್ತದೆ. ಹಾಗಾಗಿ ಅರವತ್ತರ ಮುದುಕ ಬಂದರೂ ಮೇಡಂ ಅವನನ್ನು ಮೊದಲು ಚಡ್ಡಿ ಹಾಕುವ ವಯಸ್ಸಿಗೆ ಇಳಿಸಿ, ಅಲ್ಲಿಂದ ಕೈಹಿಡಿದು ನಿಧಾನಕ್ಕೆ ನಡೆಸಿಕೊಂಡು ಬರುತ್ತಿದ್ದರು. ಹಲ್ಲಿನ ಡಾಕ್ಟರಾಗಿದ್ದ ಅವರ ಗಂಡ ಊಟದ ಹೊತ್ತಿಗೆ ಕಾಲೆಳೆಯುತ್ತಿದ್ದರು. "ನನ್ನ ಪೇಷಂಟು ಬಾಯಿ ಬಿಟ್ರೆ ಹುಳುಕು ಕಾಣುತ್ತೆ ಕಣೇ. ನಿನ್ನ ಪೇಷಂಟು ವರ್ಷಗಟ್ಟಲೆ ಬಾಯಿ ಬಿಟ್ಕೊಂಡೇ ಇದ್ರೂ ನಿಂಗೇನೂ ಕಾಣಲ್ಲ."

ಹೀಗಿರುವಾಗ ನಿವೃತ್ತ ಸರ್ವೆಯರೊಬ್ಬರು ಬಂದರು. ಮೂವತ್ತೈದು ವರ್ಷ ಊರವರ ಜಮೀನನ್ನೆಲ್ಲ ಸರಪಳಿ ಹಿಡಿದು ಅಳೆದಿದ್ದ ಮನುಷ್ಯ, ಈಗ ಮನೆಯ ಹಜಾರವನ್ನೇ ಈ ಗೋಡೆಯಿಂದ ಆ ಗೋಡೆಗೆ ಅಳೆಯುತ್ತಿದ್ದರು. ನಿದ್ದೆ ಇಲ್ಲ, ಊಟ ಸೇರುವುದಿಲ್ಲ. ಹತ್ತು ವಾರ ತಪ್ಪದೆ ಬಂದರು. ಅವರ ಅಮ್ಮ ಯಾವಾಗ ಹೊಡೆದಳು, ಅಪ್ಪ ಯಾವ ಆಟಿಕೆ ಕೊಡಿಸಲಿಲ್ಲ, ಕನಸಿನಲ್ಲಿ ನೀರು ಕಂಡಿತೋ ಬೆಟ್ಟ ಕಂಡಿತೋ ಎಲ್ಲವನ್ನೂ ಮೇಡಂ ಬರೆದುಕೊಂಡರು. ಫೈಲು ಇಟ್ಟಿಗೆಯಷ್ಟು ದಪ್ಪವಾಯಿತು. ಏಳನೆಯ ವಾರ ಸರ್ವೆಯರು, ತಮ್ಮ ಹಿತ್ತಾಳೆಯ ದಿಕ್ಸೂಚಿಯನ್ನು ಪಕ್ಕದ ಮನೆಯವರಿಗೂ ಕೈಗಡಿಯಾರವನ್ನು ಅಳಿಯನಿಗೂ ಕೊಟ್ಟುಬಿಟ್ಟೆ ಎಂದರು. ಮೇಡಂ ಹಿಗ್ಗಿಹೋದರು. 'ಉದಾರ ಭಾವ ಮೂಡುತ್ತಿದೆ, ಒಳ್ಳೆಯ ಬೆಳವಣಿಗೆ' ಎಂದು ಬರೆದು ಕೆಳಗೆ ಗೆರೆಯನ್ನೂ ಎಳೆದರು.

ಹನ್ನೊಂದನೆಯ ವಾರ ಸರ್ವೆಯರು ಬರಲಿಲ್ಲ. ಅವರ ಹೆಂಡತಿ ಬಂದರು. ಕುರ್ಚಿ ತೋರಿಸಿದರೂ ಕೂರದೆ, ಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದು ಮೇಜಿನ ಮೇಲೆ ಕುಕ್ಕಿ ಮುಚ್ಚಳ ತೆಗೆದರು. ಒಳಗೆ ಹಿಟ್ಟು. ಹಿಟ್ಟಿನಲ್ಲಿ ಅರ್ಧ ಮುಳುಗಿದ್ದ ಕೆಂಪು ಕೆಂಪು ಕೊಳವೆಗಳು.

"ಏನಮ್ಮಾ ಇದು?"

"ಬಂದೂಕಿನ ಗುಂಡು. ನಮ್ಮ ಮಾವನವರ ಕಾಲದ ಬಂದೂಕು ಬೀರು ಮೇಲಿದೆ. ಗುಂಡುಗಳನ್ನ ತಿಂಗಳ ಹಿಂದೇನೇ ನಾನು ಎತ್ತಿ ಹಿಟ್ಟಿನ ಡಬ್ಬಿಗೆ ಹಾಕಿದ್ದೆ. ನಿನ್ನೆ ಬೆಳಿಗ್ಗೆ ಬಟ್ಟೆ ಒಣಹಾಕಿ ಬರೋಷ್ಟರಲ್ಲಿ ಬೀರುನಲ್ಲಿದ್ದದ್ದೆಲ್ಲ ನೆಲದ ಮೇಲೆ. ಹುಡುಕಿದಾರೆ, ಸಿಕ್ಕಿಲ್ಲ. ಖಾಲಿ ಬಂದೂಕು ತೊಡೆ ಮೇಲಿಟ್ಕೊಂಡು ಮಗು ಥರ ಅಳ್ತಾ ಕೂತಿದ್ರು."

ಮೇಡಂ ಎದ್ದು ನಿಂತರು. "ಈಗ ಎಲ್ಲಿದ್ದಾರೆ?"

"ಮನೇಲಿ. ಅಳಿಯ ಪಕ್ಕದಲ್ಲೇ ಕೂತಿದಾನೆ."

"ನಿಮಗೆ ತಿಂಗಳ ಹಿಂದೇನೇ ಹೇಗೆ ಗೊತ್ತಾಯ್ತು?"

"ಯಾರಿಗೂ ಮುಟ್ಟೋಕೂ ಬಿಡದೆ ಇದ್ದ ದಿಕ್ಸೂಚಿನ ದಾನ ಮಾಡ್ತೀನಿ ಅಂತ ಕೂತ್ರೆ ಗೊತ್ತಾಗಲ್ವಾ? ನಾನು ಓದಿದವಳಲ್ಲ ಮೇಡಂ, ನೀವು ಓದಿದೋರು. ಹತ್ತು ವಾರ ನಮ್ಮತ್ತೆ ಬಗ್ಗೇನೇ ಕೇಳಿದ್ರಂತೆ. ಪಾಪ, ಅವರು ಹೋಗಿ ಇಪ್ಪತ್ತು ವರ್ಷ ಆಯ್ತು. ಬೀರು ಮೇಲೆ ಏನಿದೆ ಅಂತ ಒಂದ್ಸಲ ಕೇಳೋಕೆ ನಿಮಗೇನಾಗಿತ್ತು?"

ಮೇಡಂ ಹತ್ತಿರ ಎರಡು ಪದವಿ, ಒಂದು ಚಿನ್ನದ ಪದಕ, ಗೋಡೆಯ ತುಂಬ ಪ್ರಮಾಣಪತ್ರಗಳಿದ್ದವು. ಬೀರು ಮೇಲೆ ಏನಿದೆ ಎಂದು ಕೇಳುವುದನ್ನು ಅವುಗಳಲ್ಲಿ ಒಂದೂ ಕಲಿಸಿರಲಿಲ್ಲ.

ಅವತ್ತಿನ ಉಳಿದ ಅಪಾಯಿಂಟ್‌ಮೆಂಟುಗಳನ್ನೆಲ್ಲ ರದ್ದು ಮಾಡಿ ಆಕೆಯ ಜೊತೆಗೇ ಹೊರಟರು. ಸಂಜೆಯೊಳಗೆ ಬಂದೂಕು ಅಳಿಯನ ಕೈಯಲ್ಲಿ ಪೊಲೀಸ್ ಠಾಣೆಗೆ ಹೋಗಿ, ರಸೀದಿಯಾಗಿ ಮರಳಿತು. ಸರ್ವೆಯರನ್ನು ಆಸ್ಪತ್ರೆಯ ಮನೋವೈದ್ಯರು ನೋಡಿ ಮಾತ್ರೆ ಬರೆದುಕೊಟ್ಟರು. ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗ ಮೇಡಂ ತಡೆಯಲಾರದೆ ಕೇಳಿದರು. "ನನ್ನ ಹತ್ರ ಯಾಕೆ ಹೇಳಲಿಲ್ಲ ಸರ್?"

"ಕೇಳಿದ್ರೆ ಹೇಳ್ತಿದ್ದೆ," ಎಂದರು ಸರ್ವೆಯರು, ತಪ್ಪು ತಮ್ಮದೇ ಎಂಬಂತೆ ತಲೆ ತಗ್ಗಿಸಿ. "ನಾನಾಗೇ ಹೇಗೆ ಮಧ್ಯೆ ಬಾಯಿ ಹಾಕೋದು? ನೀವು ಕನಸಿನ ವಿಷಯ ಮಾತಾಡ್ತಿದ್ರಿ."

ಒಂದು ವರ್ಷದ ಮೇಲೆ ಅವರು ಚೇತರಿಸಿಕೊಂಡರು. ಊರಿನ ಪಾದಚಾರಿ ದಾರಿಗಳನ್ನೆಲ್ಲ ಅಳೆದು, ಪ್ರತಿಯೊಂದೂ ಎಷ್ಟೆಷ್ಟು ಕಿರಿದಾಗಿದೆ ಎಂದು ಪುರಸಭೆಗೆ ಪತ್ರ ಬರೆಯುವ ಮಟ್ಟಿಗೆ ಆರೋಗ್ಯವಂತರಾದರು. ಪುರಸಭೆಯವರ ನಿದ್ದೆ ಹೋಯಿತು.

ಹಿಟ್ಟಿನ ಡಬ್ಬಿ ಕಂಡ ದಿನದಿಂದ ಮೇಡಂ ಬಂದವರನ್ನೆಲ್ಲ ಕೇಳತೊಡಗಿದರು: ಮನೆಯಲ್ಲಿ ಬಂದೂಕು, ಪಿಸ್ತೂಲು ಏನಾದರೂ ಇದೆಯೇ? ಎಲ್ಲಿದೆ? ಬೀಗ ಇದೆಯೇ? ಬೀಗದ ಕೈ ಯಾರ ಹತ್ತಿರ? ಇದ್ದವರಿಗೆ ಒಂದೇ ಪಾಠ. ಮನಸ್ಸು ಸರಿಹೋಗುವ ತನಕ ಅದು ಮನೆಯಿಂದ ಹೊರಗಿರಲಿ. ಆಗದಿದ್ದರೆ ಬಂದೂಕು ಒಂದು ಕಡೆ, ಗುಂಡು ಇನ್ನೊಂದು ಕಡೆ, ಬೀಗದ ಕೈ ನಿಮ್ಮದಲ್ಲದ ಜೇಬಿನಲ್ಲಿ. ಹಲ್ಲಿಯನ್ನು ಕಂಡರೆ ಮೂರ್ಛೆ ಹೋಗುತ್ತಿದ್ದ ಟೈಪಿಸ್ಟ್ ಒಬ್ಬಳಿಗೂ ಈ ಪ್ರಶ್ನೆ ತಪ್ಪಲಿಲ್ಲ. ಅವಳು ಕಣ್ಣರಳಿಸಿ, "ಹಲ್ಲಿಗೆ ಗನ್ ಬೇಕಾಗುತ್ತಾ ಮೇಡಂ? ಪೊರಕೆ ಸಾಲಲ್ವಾ?" ಎಂದಳು. ಈ ಸುದ್ದಿ ಎರಡು ದಿನದಲ್ಲಿ ಊರು ಸುತ್ತಿ ಬಂತು. ಬೀಗದ ಮೇಡಂ ಎಂಬ ಹೆಸರು ಗಟ್ಟಿಯಾದದ್ದೇ ಆಗ.

ನಕ್ಕವರು ನಕ್ಕರು. ಆದರೆ ಬ್ಯಾಂಕಿನ ಕಾವಲುಗಾರನೊಬ್ಬ ನಗಲಿಲ್ಲ. ತಲೆನೋವು ಎಂದು ಬಂದವನು ಈ ಪ್ರಶ್ನೆ ಕೇಳಿದ್ದೇ ತಡ ಬೆವತುಹೋದ.

"ನೀವು ಇದನ್ನ ಬ್ಯಾಂಕಿಗೆ ಹೇಳ್ತೀರಾ? ಗನ್ ಕಿತ್ಕೊಂಡ್ರೆ ಕೆಲಸಾನೂ ಹೋದಂಗೆ."

ಮೇಡಂ ಸುತ್ತಿ ಬಳಸಲಿಲ್ಲ. "ನೀವು ಹೇಳಿದ್ದು ಇಲ್ಲೇ ಇರುತ್ತೆ. ನಿಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಈಗಲೇ ಅಪಾಯ ಇದೆ ಅನ್ನಿಸಿದ್ರೆ ಮಾತ್ರ ಸುಮ್ಮನಿರಲ್ಲ. ಹಾಗೆ ಮಾಡೋ ಮುಂಚೆ ನಿಮಗೇ ಮೊದಲು ಹೇಳ್ತೀನಿ."

ಅವನು ಟೋಪಿ ತೆಗೆದು ಮೇಜಿನ ಮೇಲಿಟ್ಟು, ತನಗೆ ಬರುತ್ತಿದ್ದ ಸಾಯುವ ಯೋಚನೆಯನ್ನೆಲ್ಲ ಹೇಳಿದ. ಕೊನೆಗೆ ತಾನೇ ಮ್ಯಾನೇಜರರ ಹತ್ತಿರ ಹೋಗಿ, ಬೆನ್ನುನೋವು ಎಂಬ ನೆಪ ಹೇಳಿ, ಮೂರು ತಿಂಗಳು ಬಂದೂಕಿಲ್ಲದ ಕೆಲಸ ಕೇಳಿ ಪಡೆದ. ಬೆನ್ನು ನೋಯುತ್ತದೆ ಎಂದರೆ ಕುರ್ಚಿ ಕೊಡುವ ಜನ ಮನಸ್ಸು ನೋಯುತ್ತದೆ ಎಂದರೆ ಬಾಗಿಲು ತೋರಿಸುತ್ತಾರೆ. ಅಷ್ಟು ಲೋಕಜ್ಞಾನ ಅವನಿಗಿತ್ತು.

ಪ್ರೊಫೆಸರರ ಜೊತೆ ಜಗಳ ಶುರುವಾದದ್ದು ಬಂದೂಕು ಲೈಸೆನ್ಸಿನ ಸರ್ಟಿಫಿಕೇಟಿನಿಂದ. ಬಂದೂಕು ಬೇಕಾದವರು ತಮ್ಮ ಮನಸ್ಸು ನೆಟ್ಟಗಿದೆ ಎಂದು ಮನಶ್ಶಾಸ್ತ್ರಜ್ಞರಿಂದ ಬರೆಸಿಕೊಂಡು ಹೋಗಬೇಕಿತ್ತು. ಪ್ರೊಫೆಸರರ ಹತ್ತಿರ ಇದು ನಾಲ್ಕು ನಿಮಿಷದ ಕೆಲಸ. ಹೆಸರೇನು, ಇವತ್ತು ಯಾವ ವಾರ, ನೂರರಲ್ಲಿ ಏಳು ಕಳೆದರೆ ಎಷ್ಟು ಎಂದು ಕೇಳಿ, ಮೂರರಲ್ಲಿ ಎರಡು ಸರಿಯಾದರೂ ಸಹಿ ಹಾಕುತ್ತಿದ್ದರು. ಒಮ್ಮೆ ಅವರು ಊರಲ್ಲಿಲ್ಲದಾಗ ಕಲ್ಲುಗಣಿಯ ಮಾಲೀಕ ಮೇಡಂ ಹತ್ತಿರ ಬಂದ.

"ಬೇಗ ಒಂದು ಸೈನ್ ಹಾಕಿ. ಕೆಳಗೆ ಗಾಡಿ ಸ್ಟಾರ್ಟಲ್ಲೇ ಇದೆ."

"ಗಾಡಿ ಆಫ್ ಮಾಡಿಸಿ. ಮೂರು ಸಲ ಬರಬೇಕಾಗುತ್ತೆ. ಮನೆಯವರ ಹತ್ರಾನೂ ಮಾತಾಡಬೇಕು."

"ಯಾಕೆ, ನಾನೇನು ಹುಚ್ಚನಾ?"

"ಹುಚ್ಚಿನ ಮಾತಲ್ಲ. ನನ್ನ ಹತ್ರ ಬರೋರಲ್ಲಿ ಮುಕ್ಕಾಲು ಜನ ಇರುವೇನೂ ತುಳಿಯಲ್ಲ. ನಾನು ಕೇಳೋದು ಬೇರೆ. ಕುಡೀತೀರಾ? ಸಿಟ್ಟು ಬಂದ್ರೆ ಏನು ಮಾಡ್ತೀರಿ? ಕಡೇ ಸಲ ಕೈ ಎತ್ತಿದ್ದು ಯಾರ ಮೇಲೆ?"

"ನನಗೆ ಸಿಟ್ಟೇ ಬರಲ್ಲ!" ಎಂದು ಮಾಲೀಕ ಗುದ್ದಿದ ಗುದ್ದಿಗೆ ಮೇಜಿನ ಮೇಲಿನ ನೀರಿನ ಲೋಟ ಉರುಳಿ ಚೂರಾಯಿತು. ಮೇಡಂ ಅರ್ಜಿಯ ಮೇಲೆ ಬಿದ್ದ ನೀರನ್ನು ಒರೆಸಿ, ಅದನ್ನು ಸಹಿ ಇಲ್ಲದೆಯೇ ವಾಪಸು ಕೊಟ್ಟರು. ವಾರ ಕಳೆದ ಮೇಲೆ ಪ್ರೊಫೆಸರರು ಊರಿಂದ ಬಂದು ನಾಲ್ಕೇ ನಿಮಿಷದಲ್ಲಿ ಅವನನ್ನು ಶಾಂತಸ್ವಭಾವದವನೆಂದು ಬರೆದುಕೊಟ್ಟರು.

ಮನಶ್ಶಾಸ್ತ್ರಜ್ಞರ ಸಂಘದ ಸಭೆಯಲ್ಲಿ ಮೇಡಂ ಈ ವಿಷಯ ಎತ್ತಿದರು. ಬಂದೂಕಿನ ಪ್ರಶ್ನೆಯನ್ನು ಪ್ರತಿಯೊಬ್ಬರೂ ಕೇಳಬೇಕು, ಸರ್ಟಿಫಿಕೇಟು ಹೀಗೆ ಕೊಡಬಾರದು ಎಂದರು. ಅಧ್ಯಕ್ಷರ ಕುರ್ಚಿಯಲ್ಲಿದ್ದ ಪ್ರೊಫೆಸರರು ಕನ್ನಡಕ ತೆಗೆದು ಒರೆಸಿದರು.

"ನೋಡಮ್ಮ, ನಾವು ಮನಸ್ಸಿನ ಆಳಕ್ಕೆ ಇಳಿಯೋರು. ಬೀಗ, ಚಿಲಕ ಎಲ್ಲ ಕಬ್ಬಿಣದ ಅಂಗಡಿಯವರ ಕೆಲಸ. ಅದೂ ಅಲ್ದೆ, ಇಂಥದ್ದನ್ನ ಕೇಳಿದ್ರೆ ಇಲ್ಲದ ಯೋಚನೆ ತಲೇಲಿ ಹುಟ್ಟುತ್ತೆ."

"ಹುಟ್ಟಲ್ಲ ಸರ್. ಇದ್ದದ್ದು ಹೊರಗೆ ಬರುತ್ತೆ, ಅಷ್ಟೇ."

ಸಭೆ ಗೊಳ್ಳೆಂದು ನಕ್ಕಿತು. ಯಾರ ಪರವಾಗಿ ನಕ್ಕಿತೆಂದು ಸಭೆಗೂ ಗೊತ್ತಿರಲಿಲ್ಲ. ವಿಷಯ ಗಂಭೀರವಾದದ್ದು ಎಂದು ಒಪ್ಪಿ ಸಮಿತಿ ಮಾಡಿದರು. ಸಮಿತಿ ಉಪಸಮಿತಿ ಮಾಡಿತು. ಉಪಸಮಿತಿ ಆರು ಸಲ ಊಟಕ್ಕೆ ಸೇರಿ, ಮನಶ್ಶಾಸ್ತ್ರಜ್ಞರು ಬಂದೂಕಿನ ಬಗ್ಗೆ ಕೇಳಲು ಹಿಂಜರಿಯುವುದೇಕೆ ಎಂದು ತಿಳಿಯಲು ನಲವತ್ತೆರಡು ಪ್ರಶ್ನೆಗಳ ಒಂದು ಪಟ್ಟಿ ತಯಾರಿಸಿತು. ಬಂದೂಕಿನ ಬಗ್ಗೆ ಕೇಳುವುದಕ್ಕಿಂತ ಅದು ಸುಲಭವಾಗಿತ್ತು.

ಎರಡು ವರ್ಷದ ಮೇಲೆ ಪ್ರೊಫೆಸರರ ಮಗಳು ಫೋನ್ ಮಾಡಿದಳು. ಅವಳ ಅಮ್ಮ ತೀರಿಕೊಂಡು ಐದು ತಿಂಗಳಾಗಿತ್ತು.

"ಅಕ್ಕಾ, ಅಪ್ಪ ತಮ್ಮ ಲೈಬ್ರರಿ ಪುಸ್ತಕ ಎಲ್ಲ ಕಟ್ಟಿಡ್ತಿದಾರೆ. ಯಾರಿಗೆ ಯಾವುದು ಅಂತ ಚೀಟಿ ಬೇರೆ ಅಂಟಿಸಿದಾರೆ. ನಿಮ್ಮ ಹೆಸರೂ ಇದೆ. ನನಗೆ ಯಾಕೋ ಹೆದರಿಕೆ ಆಗ್ತಿದೆ."

ಮೇಡಂ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಪ್ರೊಫೆಸರರು ಓದುವ ಕೋಣೆಯಲ್ಲಿ ಗಡ್ಡ ಬೆಳೆಸಿಕೊಂಡು ಕೂತಿದ್ದರು. ಸುತ್ತ ಹಗ್ಗ ಬಿಗಿದ ಪುಸ್ತಕದ ಕಟ್ಟುಗಳು.

"ಸರ್, ನೇರವಾಗಿ ಕೇಳ್ತೀನಿ. ಸಾಯೋ ಯೋಚನೆ ಬರ್ತಿದೆಯಾ? ಮನೇಲಿ ಗನ್ ಇದೆಯಾ?"

ಪ್ರೊಫೆಸರರ ಮುಖ ಕೆಂಪಾಯಿತು. ಶೋಕದ ಐದು ಹಂತಗಳ ಬಗ್ಗೆ ಇಪ್ಪತ್ತು ನಿಮಿಷ ಪಾಠ ಮಾಡಿದರು. ನಡುವೆ ಎರಡು ಸಲ ಪಾಠ ಎಲ್ಲಿಗೆ ಬಂದಿತ್ತೆಂದು ಮರೆತರು. ಮೇಡಂ ಹಳೆಯ ವಿದ್ಯಾರ್ಥಿನಿಯಂತೆ ಕೈಕಟ್ಟಿ ಕೇಳಿ, ಪಾಠ ಮುಗಿದ ಮೇಲೆ ಮತ್ತೆ ಅದನ್ನೇ ಕೇಳಿದರು. "ಗನ್ ಎಲ್ಲಿದೆ ಸರ್?"

ಪ್ರೊಫೆಸರರು ಕೈಯೆತ್ತಿ ಮೇಜಿನ ಎರಡನೆಯ ಖಾನೆ ತೋರಿಸಿದರು. "ದಿನಾ ಬೆಳಿಗ್ಗೆ ತೆಗೆದು ನೋಡ್ತೀನಮ್ಮ," ಎಂದರು. ಮೇಡಂ ಖಾನೆಗೂ ಅವರಿಗೂ ನಡುವೆ ಕುರ್ಚಿ ಎಳೆದುಕೊಂಡು ಕೂತು ಮಗಳನ್ನು ಕರೆದರು.

ಮಗಳು, ಅಳಿಯ ಸೇರಿ ಪಿಸ್ತೂಲನ್ನು ಠಾಣೆಗೆ ಒಪ್ಪಿಸುವಾಗ ಕಾಗದಪತ್ರ ಬೇಕಾಯಿತು. ಲೈಸೆನ್ಸಿನ ಜೊತೆ ಪಿನ್ ಮಾಡಿದ್ದ ಸರ್ಟಿಫಿಕೇಟನ್ನು ಮೇಡಂ ಓದಿದರು. ಅರ್ಜಿದಾರರ ಜಾಗದಲ್ಲಿ ಪ್ರೊಫೆಸರರ ಹೆಸರು. ಪರೀಕ್ಷಿಸಿ, ಮನಸ್ಸು ಸದೃಢವಾಗಿದೆಯೆಂದು ದೃಢೀಕರಿಸಿದವರ ಜಾಗದಲ್ಲೂ ಅವರದೇ ಸಹಿ, ಅವರದೇ ಮೊಹರು. ಅದಕ್ಕೆ ನಾಲ್ಕು ನಿಮಿಷವೂ ಹಿಡಿದಿರಲಾರದು.

ಗುರುವಿಗೆ ತಾವೇ ಚಿಕಿತ್ಸೆ ಕೊಡುವುದು ಸರಿಯಲ್ಲವೆಂದು ಮೇಡಂ ಅವರನ್ನು ಬೇರೆ ಊರಿನ ಮನೋವೈದ್ಯರೊಬ್ಬರ ಹತ್ತಿರ ಕಳಿಸಿದರು. ಮಗಳು ಮೂರು ತಿಂಗಳು ಅಪ್ಪನ ಮನೆಯಲ್ಲೇ ಉಳಿದಳು. ಪ್ರೊಫೆಸರರು ನಿಧಾನಕ್ಕೆ ಊಟ ಮಾಡತೊಡಗಿದರು, ಗಡ್ಡ ಬೋಳಿಸಿದರು, ಯಾರ್ಯಾರಿಗೋ ಬೈಯತೊಡಗಿದರು. ಬೈಗುಳ ಶುರುವಾಯಿತೆಂದು ಮಗಳು ಸಂತೋಷದಿಂದ ಫೋನ್ ಮಾಡಿ ತಿಳಿಸಿದಳು.

ಮರುವರ್ಷದ ಸಂಘದ ಸಭೆಯಲ್ಲಿ ಅವರದೇ ಮುಖ್ಯ ಭಾಷಣ. ವಿಷಯ, 'ಕೇಳಲೇಬೇಕಾದ ಪ್ರಶ್ನೆ'. ಮೂವತ್ತು ವರ್ಷದ ತಮ್ಮ ಅನುಭವದಲ್ಲಿ ಪ್ರತಿಯೊಬ್ಬರನ್ನೂ ಬಂದೂಕಿನ ಬಗ್ಗೆ ಕೇಳುತ್ತ ಬಂದಿರುವುದಾಗಿ ಎದೆಯುಬ್ಬಿಸಿ ಹೇಳಿದರು. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎನ್ನುವವರು ಮೂರ್ಖರು ಎಂದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಎಷ್ಟೋ ಜನ ಬರೆದುಕೊಂಡರು. ಮೂರನೆಯ ಸಾಲಿನಲ್ಲಿ ಕೂತಿದ್ದ ಮೇಡಂ ಹೆಸರು ಎಲ್ಲೂ ಬರಲಿಲ್ಲ.

ಮನೆಗೆ ಬಂದವರೇ ಕೈಚೀಲ ಸೋಫಾದ ಮೇಲೆ ಎಸೆದರು.

"ನನ್ನ ಮಾತನ್ನ ಅಕ್ಷರ ಬಿಡದೆ ಕದ್ದಿದಾರೆ ಕಣ್ರೀ! ಅಕ್ಷರ ಬಿಡದೆ!"

ಗಂಡ ಪತ್ರಿಕೆ ಮಡಚಿದರು. "ಎದ್ದು ನಿಂತು ಇದು ನಂದು ಅನ್ನಬೇಕಾಗಿತ್ತಪ್ಪ. ಯಾಕೆ ಸುಮ್ನಿದ್ದೆ?"

ಯಾಕೆಂದು ಗಂಡನಿಗೂ ಹೇಳುವಂತಿರಲಿಲ್ಲ. ಆ ಖಾನೆಯ ವಿಷಯ ಯಾರ ಮುಂದೂ ಬಾಯಿಬಿಡುವಂಥದ್ದಲ್ಲ. ಕದಿಯುವುದಕ್ಕಾದರೂ ಮನುಷ್ಯ ಬದುಕಿದ್ದಾರಲ್ಲ ಎಂದು ಮೇಡಂ ತಮಗೆ ತಾವೇ ಹೇಳಿಕೊಂಡು ಅಡುಗೆಮನೆಗೆ ನಡೆದರು. ಆದರೂ ಸಿಟ್ಟು ಇಳಿಯಲು ನಾಲ್ಕು ದಿನ ಬೇಕಾಯಿತು. ಆ ನಾಲ್ಕು ದಿನವೂ ಗಂಡ ತುಟಿ ಬಿಚ್ಚದೆ ಊಟ ಮಾಡಿದರು.